ಸ್ವತಂತ್ರ ತಂತ್ರಾಂಶ ಸಮುದಾಯಗಳ ಕುರಿತು ಉದ್ಯಮಗಳ ಗ್ರಹಿಕೆ

ಸ್ವತಂತ್ರ ತಂತ್ರಾಂಶವನ್ನು ರಚಿಸಿ ಕಾಪಾಡಿಕೊಂಡು ಬರುವ ಸಮುದಾಯಗಳು ವಾಣಿಜ್ಯ ತಂತ್ರಾಂಶದ ವಿಷಯದಲ್ಲಿ ಯಾವ ಧೋರಣೆಯನ್ನು ತಳೆದಿವೆ ಎಂಬ ಬಗ್ಗೆ ವ್ಯಾಪಾರ ಸಂಸ್ಥೆಗಳು ಹೊಂದಿರುವ ತಿಳಿವಳಿಕೆಯು ಕಳೆದ ನಾಲ್ಕು ದಶಕಗಳಲ್ಲಿ ಗಣಕ ಉದ್ಯಮದ ಅನೇಕ ನಿರ್ಧಾರಗಳನ್ನು ರೂಪಿಸಿದೆ. ಈ ಸಮುದಾಯಗಳು ವ್ಯಾಪಾರವನ್ನೇ ವಿರೋಧಿಸುತ್ತವೆ ಎಂಬ ನಂಬಿಕೆ ಉದ್ಯಮ ವಲಯದಲ್ಲಿ ಬಹುಕಾಲ ಪ್ರಬಲವಾಗಿತ್ತು; ಈಗಲೂ ಪೂರ್ತಿಯಾಗಿ ಅಳಿದಿಲ್ಲ. ಚಳವಳಿಯ ಮೂಲ ದಾಖಲೆಗಳು ಬೇರೆಯದನ್ನು ಹೇಳುತ್ತವೆ. ಅವು ಆಕ್ಷೇಪಿಸುವುದು ಹಣ ಪಡೆಯುವುದನ್ನಲ್ಲ. ತಂತ್ರಾಂಶವನ್ನು ಕೊಂಡವರು ಅದನ್ನು ಬಿಚ್ಚಿ ನೋಡದಂತೆ, ತಿದ್ದದಂತೆ, ಇತರರೊಂದಿಗೆ ಹಂಚಿಕೊಳ್ಳದಂತೆ ತಡೆಯುವುದನ್ನು. ಈ ವ್ಯತ್ಯಾಸವನ್ನು ಗುರುತಿಸಿದ ಸಂಸ್ಥೆಗಳೂ ಗುರುತಿಸದ ಸಂಸ್ಥೆಗಳೂ ಒಂದೇ ಪರವಾನಗಿಯ ಎದುರು ತೀರ ಭಿನ್ನವಾಗಿ ನಡೆದುಕೊಂಡಿವೆ. ಹಾಗೆಂದು ಉದ್ಯಮಗಳ ಆತಂಕವೆಲ್ಲ ಬರಿಯ ತಪ್ಪು ತಿಳಿವಳಿಕೆ ಎನ್ನಲೂ ಬರುವುದಿಲ್ಲ. ಸಮುದಾಯವೆಂಬುದು ಒಂದೇ ದನಿಯಲ್ಲಿ ಮಾತನಾಡುವ ಸಂಘಟನೆಯಲ್ಲ; ಅದರೊಳಗೆ ಕಂಪನಿಗಳ ಬಗ್ಗೆ ಬಹಿರಂಗವಾದ ಸಿಟ್ಟೂ ಇದೆ.

ಪದಗಳ ಗೊಂದಲ

ಇಂಗ್ಲಿಷಿನ 'ಫ್ರೀ' ಎಂಬ ಪದಕ್ಕೆ 'ಸ್ವತಂತ್ರ' ಮತ್ತು 'ಉಚಿತ' ಎಂಬ ಎರಡು ಅರ್ಥಗಳಿವೆ. 'ಫ್ರೀ ಸಾಫ್ಟ್‌ವೇರ್' ಎಂದಾಗ ಚಳವಳಿಯವರು ಮೊದಲ ಅರ್ಥವನ್ನು ಉದ್ದೇಶಿಸಿದರೆ, ಕಂಪನಿಗಳ ಲೆಕ್ಕಪತ್ರ ವಿಭಾಗಕ್ಕೆ ಕೇಳಿಸಿದ್ದು ಎರಡನೆಯದು. ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದಗಳಿರುವುದರಿಂದ ಗೊಂದಲಕ್ಕೆ ಎಡೆಯಿರಬಾರದು. ಆದರೂ ಪತ್ರಿಕಾ ಬರಹಗಳಲ್ಲಿ 'ಉಚಿತ ತಂತ್ರಾಂಶ' ಎಂಬ ಬಳಕೆ ಅಪರೂಪವೇನಲ್ಲ.

ಇದಕ್ಕಿಂತ ಹೆಚ್ಚು ತೊಡಕನ್ನು ಉಂಟುಮಾಡಿದ್ದು 'ವಾಣಿಜ್ಯ' ಎಂಬ ಪದ. ಉದ್ಯಮ ವಲಯದಲ್ಲಿ 'ವಾಣಿಜ್ಯ ತಂತ್ರಾಂಶ' ಎಂಬುದನ್ನು ಸ್ವತಂತ್ರ ತಂತ್ರಾಂಶದ ವಿರುದ್ಧಪದವೆಂಬಂತೆ ಬಳಸುವ ರೂಢಿಯಿದೆ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಈ ಬಳಕೆಯನ್ನು ಒಪ್ಪುವುದಿಲ್ಲ. ಅದರ ಪ್ರಕಾರ ವಾಣಿಜ್ಯ ತಂತ್ರಾಂಶವೆಂದರೆ ವ್ಯಾಪಾರದ ಅಂಗವಾಗಿ ರಚಿಸಲಾದದ್ದು, ಅಷ್ಟೇ. ಸೋರ್ಸ್ ಕೋಡ್ ಎಂದು ಕರೆಯಲಾಗುವ ಆಕರ ಸಂಕೇತವನ್ನು ಮುಚ್ಚಿಟ್ಟು ಬಳಕೆದಾರರನ್ನು ನಿರ್ಬಂಧಿಸುವ ತಂತ್ರಾಂಶಕ್ಕೆ ಬೇರೆಯೇ ಹೆಸರಿದೆ: ಸ್ವಾಮ್ಯದ ತಂತ್ರಾಂಶ. ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ವಿತರಣೆ ವಾಣಿಜ್ಯದ್ದೂ ಹೌದು, ಸ್ವತಂತ್ರ ತಂತ್ರಾಂಶವೂ ಹೌದು. ಅಡೋಬಿ ರೀಡರ್ ಹಣ ಕೊಡದೆ ದೊರೆಯುತ್ತದೆ, ಆದರೆ ಅದು ಸ್ವಾಮ್ಯದ ತಂತ್ರಾಂಶ. ಬೆಲೆ ಮತ್ತು ಸ್ವಾತಂತ್ರ್ಯ ಎರಡು ಬೇರೆ ಅಳತೆಗಳು.

ಸಮುದಾಯಗಳು ತಾವೇ ರೂಪಿಸಿಕೊಂಡ ವ್ಯಾಖ್ಯೆಗಳು ಈ ವಿಷಯದಲ್ಲಿ ಅಚ್ಚರಿಯೆನಿಸುವಷ್ಟು ಸ್ಪಷ್ಟವಾಗಿವೆ. ಡೆಬಿಯನ್ ಯೋಜನೆ 1997ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಯ ಆರನೆಯ ಅಂಶ, ಯಾವುದೇ ಕ್ಷೇತ್ರದಲ್ಲಿ ತಂತ್ರಾಂಶವನ್ನು ಬಳಸದಂತೆ ಪರವಾನಗಿಯು ತಡೆಯಕೂಡದು ಎನ್ನುತ್ತದೆ. ಉದಾಹರಣೆಯಾಗಿ ಅದು ಮೊದಲು ಹೆಸರಿಸುವುದೇ ವ್ಯಾಪಾರವನ್ನು. ಮುಂದಿನ ವರ್ಷ ಓಪನ್ ಸೋರ್ಸ್ ಇನಿಶಿಯೇಟಿವ್ ಈ ಮಾರ್ಗಸೂಚಿಯನ್ನೇ ಆಧರಿಸಿ ತನ್ನ ವ್ಯಾಖ್ಯೆಯನ್ನು ರಚಿಸಿತು. ಆದ್ದರಿಂದ 'ವಾಣಿಜ್ಯೇತರ ಬಳಕೆಗೆ ಮಾತ್ರ' ಎಂಬ ಷರತ್ತಿರುವ ತಂತ್ರಾಂಶವನ್ನು ಈ ಸಮುದಾಯಗಳು ಸ್ವತಂತ್ರವೆಂದು ಪರಿಗಣಿಸುವುದೇ ಇಲ್ಲ. ಇದೇ ತತ್ತ್ವವನ್ನು ಅನುಸರಿಸುವ ವಿಕಿಪೀಡಿಯದ ಪಠ್ಯವನ್ನೂ ಯಾರು ಬೇಕಾದರೂ ಅಚ್ಚುಹಾಕಿಸಿ, ಪರವಾನಗಿಯ ಷರತ್ತಿಗೆ ಒಳಪಟ್ಟು, ಮಾರಬಹುದು.

ಆರಂಭದ ವರ್ಷಗಳು

ಹವ್ಯಾಸಿ ಗಣಕ ಬಳಕೆದಾರರಿಗೂ ತಂತ್ರಾಂಶ ಮಾರಾಟಗಾರರಿಗೂ ನಡುವಿನ ಮೊದಲ ಬಹಿರಂಗ ಜಟಾಪಟಿ ಸ್ವತಂತ್ರ ತಂತ್ರಾಂಶ ಚಳವಳಿಗಿಂತ ಹಳೆಯದು. ಆಲ್ಟೇರ್ ಗಣಕಕ್ಕಾಗಿ ತಾವು ರಚಿಸಿದ ಬೇಸಿಕ್ ತಂತ್ರಾಂಶವನ್ನು ಹವ್ಯಾಸಿಗಳು ಹಣ ಕೊಡದೆ ನಕಲು ಮಾಡಿಕೊಳ್ಳುತ್ತಿರುವುದನ್ನು ಆಕ್ಷೇಪಿಸಿ ಬಿಲ್ ಗೇಟ್ಸ್ 1976ರ ಫೆಬ್ರವರಿಯಲ್ಲಿ ಒಂದು ಬಹಿರಂಗ ಪತ್ರ ಬರೆದರು. ಹಂಚಿಕೊಳ್ಳುವವರು ಎಂದರೆ ಕೂಲಿ ಕೊಡದೆ ದುಡಿಮೆಯ ಫಲ ತಿನ್ನುವವರು ಎಂಬ ಚಿತ್ರ ಉದ್ಯಮದ ಮನಸ್ಸಿನಲ್ಲಿ ನೆಲೆಗೊಳ್ಳಲು ಆ ಪತ್ರದ ಪಾಲು ದೊಡ್ಡದು.

ರಿಚರ್ಡ್ ಸ್ಟಾಲ್ಮನ್ ಅವರು 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1985ರಲ್ಲಿ ಗ್ನೂ ಪ್ರಣಾಳಿಕೆ ಪ್ರಕಟವಾಯಿತು; ಅದೇ ವರ್ಷ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪನೆಯಾಯಿತು. ಆ ದಿನಗಳಲ್ಲಿ ಸ್ಟಾಲ್ಮನ್ ಇಮ್ಯಾಕ್ಸ್ ತಂತ್ರಾಂಶದ ಟೇಪುಗಳನ್ನು ಪ್ರತಿಯೊಂದಕ್ಕೆ 150 ಡಾಲರಿನಂತೆ ಮಾರುತ್ತಿದ್ದರು ಎಂಬುದನ್ನು ಚಳವಳಿಯನ್ನು ಟೀಕಿಸುವವರು ನೆನೆಯುವುದು ಕಡಿಮೆ. 1989ರಲ್ಲಿ ಮೊದಲ ಆವೃತ್ತಿಯನ್ನು ಕಂಡ ಗ್ನೂ ಸಾರ್ವಜನಿಕ ಪರವಾನಗಿ, ಅಂದರೆ ಜಿಪಿಎಲ್, ಮಾರಾಟಕ್ಕೆ ಅಡ್ಡಿ ಮಾಡುವುದಿಲ್ಲ. ಪಡೆದವರಿಗೆ ಆಕರ ಸಂಕೇತವನ್ನೂ ಅದೇ ಹಕ್ಕುಗಳನ್ನೂ ದಾಟಿಸಬೇಕು ಎಂಬುದಷ್ಟೇ ಅದರ ಷರತ್ತು. ಈ ಬಗೆಯ ಷರತ್ತಿಗೆ ಕಾಪಿಲೆಫ್ಟ್ ಎಂಬ ಹೆಸರು ಬಂದಿದೆ.

ಗ್ನೂ ಪ್ರಣಾಳಿಕೆಯನ್ನು ಉದ್ಯಮದ ಕಣ್ಣಿನಿಂದ ಓದಿದವರಲ್ಲಿ ಮೈಕೆಲ್ ಟೀಮನ್ ಮೊದಲಿಗರು. ಮೇಲುನೋಟಕ್ಕೆ ಸಮಾಜವಾದಿ ವಾಗ್ವಾದದಂತೆ ಕಾಣುವ ಆ ಬರಹದಲ್ಲಿ ತಮಗೆ ವೇಷ ಮರೆಸಿಕೊಂಡ ವ್ಯಾಪಾರ ಯೋಜನೆಯೊಂದು ಕಂಡಿತೆಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಆಕರ ಸಂಕೇತ ಎಲ್ಲರ ಕೈಯಲ್ಲಿದ್ದರೆ ಅದನ್ನು ಚೆನ್ನಾಗಿ ಬಲ್ಲವರ ಸೇವೆಗೆ ಬೆಲೆ ಬರುತ್ತದೆ ಎಂಬುದು ಅವರ ತರ್ಕ. 1989ರಲ್ಲಿ ಅವರು ಡೇವಿಡ್ ಹೆಂಕೆಲ್-ವ್ಯಾಲೇಸ್ ಮತ್ತು ಜಾನ್ ಗಿಲ್ಮೋರ್ ಜೊತೆ ಸ್ಥಾಪಿಸಿದ ಸಿಗ್ನಸ್ ಕಂಪನಿಯು ಗ್ನೂ ಕಂಪೈಲರನ್ನು ಹೊಸ ಹೊಸ ಸಂಸ್ಕಾರಕಗಳಿಗೆ ಹೊಂದಿಸಿಕೊಡುವ ಕೆಲಸದಿಂದ ಬೆಳೆಯಿತು. 1999ರಲ್ಲಿ ರೆಡ್ ಹ್ಯಾಟ್ ಅದನ್ನು ಕೊಂಡುಕೊಳ್ಳುವುದಾಗಿ ಘೋಷಿಸಿತು.

ಲಿನಕ್ಸ್ ಕರ್ನೆಲ್‌ನ ಕಥೆ ಇದಕ್ಕೆ ತಿರುವುಮುರುವಾದದ್ದು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಬಿಡುಗಡೆ ಮಾಡಿದಾಗ ಅದರ ಪರವಾನಗಿ ಶುಲ್ಕ ಪಡೆದು ಹಂಚುವುದನ್ನು ನಿಷೇಧಿಸಿತ್ತು. ಪ್ರತಿ ಮಾಡಿಕೊಡುವ ಖರ್ಚನ್ನೂ ಕೇಳುವಂತಿರಲಿಲ್ಲ. 1992ರ ಆರಂಭದಲ್ಲಿ ಅವರು ಜಿಪಿಎಲ್‌ಗೆ ಬದಲಾಯಿಸಿದ ಮೇಲೆಯೇ ಲಿನಕ್ಸ್ ವಿತರಣೆಗಳನ್ನು ಮಾರುವ ಕಂಪನಿಗಳು ಹುಟ್ಟಲು ಸಾಧ್ಯವಾದದ್ದು. ಉದ್ಯಮವು ಮುಂದೆ ಬಹಳವಾಗಿ ಅಂಜಿದ ಪರವಾನಗಿಯೇ ಲಿನಕ್ಸಿಗೆ ಮಾರುಕಟ್ಟೆಯ ಬಾಗಿಲನ್ನು ತೆರೆದಿತ್ತು.

1998ರ ಹೆಸರು

ನೆಟ್‌ಸ್ಕೇಪ್ ಕಂಪನಿಯು ತನ್ನ ಬ್ರೌಸರಿನ ಆಕರ ಸಂಕೇತವನ್ನು ಬಿಡುಗಡೆ ಮಾಡುವುದಾಗಿ 1998ರ ಜನವರಿಯಲ್ಲಿ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ನಡೆದ ಸಭೆಯೊಂದರಲ್ಲಿ ಕ್ರಿಸ್ಟೀನ್ ಪೀಟರ್ಸನ್ ಸೂಚಿಸಿದ 'ಓಪನ್ ಸೋರ್ಸ್', ಅಂದರೆ ಮುಕ್ತ ಆಕರ, ಎಂಬ ಹೆಸರನ್ನು ಅಂಗೀಕರಿಸಲಾಯಿತು. ಫೆಬ್ರವರಿಯಲ್ಲಿ ಎರಿಕ್ ರೇಮಂಡ್ ಮತ್ತು ಬ್ರೂಸ್ ಪೆರೆನ್ಸ್ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆಯನ್ನು ಹುಟ್ಟುಹಾಕಿದರು. ಹೆಸರು ಬದಲಾಯಿಸಿದವರ ಲೆಕ್ಕಾಚಾರ ಗುಟ್ಟಿನದೇನೂ ಆಗಿರಲಿಲ್ಲ. ಹಳೆಯ ಹೆಸರು ಕಂಪನಿಗಳ ಮುಖ್ಯಸ್ಥರಿಗೆ ಸಂಘರ್ಷದ ಕರೆಯಂತೆ ಕೇಳಿಸುತ್ತದೆ, ಅದೇ ತಂತ್ರಾಂಶವನ್ನು ಗುಣಮಟ್ಟ ಮತ್ತು ವೆಚ್ಚದ ಭಾಷೆಯಲ್ಲಿ ಮಂಡಿಸಿದರೆ ಕಿವಿಗೊಡುತ್ತಾರೆ ಎಂಬುದು ಅವರ ನಿಲುವು. ಹೀಗೆ ಉದ್ಯಮದ ಗ್ರಹಿಕೆಯೇ ಒಂದು ಚಳವಳಿಯನ್ನು ಎರಡಾಗಿ ಸೀಳಿತು. ಹೊಸ ಹೆಸರು ಸ್ವಾತಂತ್ರ್ಯದ ಪ್ರಶ್ನೆಯನ್ನೇ ಮರೆಯಾಗಿಸುತ್ತದೆ ಎಂದು ಸ್ಟಾಲ್ಮನ್ ಅಂದಿನಿಂದಲೂ ಆಕ್ಷೇಪಿಸುತ್ತ ಬಂದಿದ್ದಾರೆ.

ಅದೇ ವರ್ಷದ ಅಕ್ಟೋಬರಿನ ಕೊನೆಗೆ ಮೈಕ್ರೋಸಾಫ್ಟ್‌ನ ಆಂತರಿಕ ಟಿಪ್ಪಣಿಗಳು ಹೊರಬಿದ್ದವು. 'ಹ್ಯಾಲೊವೀನ್ ದಾಖಲೆಗಳು' ಎಂದು ಹೆಸರಾದ ಇವುಗಳ ನೈಜತೆಯನ್ನು ಕಂಪನಿಯೂ ಒಪ್ಪಿಕೊಂಡಿತು. ಹೊರಗೆ ಲಿನಕ್ಸನ್ನು ಹವ್ಯಾಸಿಗಳ ಆಟವೆಂದು ಕಡೆಗಣಿಸುತ್ತಿದ್ದ ಕಾಲದಲ್ಲಿ ಒಳಗಿನ ವಿಶ್ಲೇಷಣೆ ಅದನ್ನು ಗಂಭೀರ ಪ್ರತಿಸ್ಪರ್ಧಿಯೆಂದೇ ಪರಿಗಣಿಸಿತ್ತು. ಆಕರ ಸಂಕೇತ ಎಲ್ಲರ ಕೈಯಲ್ಲಿರುವಾಗ, ತಯಾರಕ ಕಂಪನಿ ಮುಳುಗಿಹೋದರೆ ಗತಿಯೇನು ಎಂದು ಗ್ರಾಹಕರನ್ನು ಹೆದರಿಸುವ ಹಳೆಯ ತಂತ್ರ ನಡೆಯದು ಎಂಬುದೂ ಆ ಟಿಪ್ಪಣಿಗಳಲ್ಲಿತ್ತು.

ರೆಡ್ ಹ್ಯಾಟ್ 1999ರ ಆಗಸ್ಟಿನಲ್ಲಿ ಷೇರು ಮಾರುಕಟ್ಟೆಗೆ ಬಂದಾಗ ಸಮುದಾಯದ ತಂತ್ರಾಂಶ ರಚನಕಾರರಿಗೂ ಆರಂಭಿಕ ಬೆಲೆಗೆ ಷೇರುಗಳನ್ನು ಕೊಳ್ಳುವ ಅವಕಾಶ ಕೊಟ್ಟಿತು. ತಮ್ಮ ದುಡಿಮೆಯಿಂದ ಬೇರೆಯವರು ಹಣ ಮಾಡಿದರೆ ಸಮುದಾಯ ಮುನಿಯಬಹುದು ಎಂಬ ಅಂಜಿಕೆಯೂ ಕೃತಜ್ಞತೆಯೂ ಈ ಕ್ರಮದಲ್ಲಿ ಬೆರೆತಿದ್ದವು. ಹೂಡಿಕೆಯ ಅನುಭವ ಸಾಲದೆಂದು ದಲ್ಲಾಳಿ ಸಂಸ್ಥೆಯು ಕೆಲವು ರಚನಕಾರರ ಅರ್ಜಿಗಳನ್ನು ತಿರಸ್ಕರಿಸಿದ್ದರಿಂದ ಸದುದ್ದೇಶಕ್ಕೆ ಸ್ವಲ್ಪ ಮಸಿ ಬಳಿದಂತಾಯಿತು.

ಆತಂಕದ ಭಾಷೆ

2001ರಲ್ಲಿ ಮೈಕ್ರೋಸಾಫ್ಟ್‌ನ ಹಿರಿಯ ಅಧಿಕಾರಿಗಳು ಒಬ್ಬರ ಹಿಂದೊಬ್ಬರು ಜಿಪಿಎಲ್ ವಿರುದ್ಧ ಮಾತನಾಡಿದರು. ಮೇ ತಿಂಗಳಲ್ಲಿ ಕ್ರೇಗ್ ಮಂಡಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಅದು ಸೋಂಕಿನಂತೆ ಹರಡುವ ಪರವಾನಗಿ ಎಂಬರ್ಥದಲ್ಲಿ ಟೀಕಿಸಿದರು. ಅದೇ ತಿಂಗಳ ಕೊನೆಗೆ ಅಲ್ಲಿಯೇ ಸ್ಟಾಲ್ಮನ್ ಉತ್ತರದ ಭಾಷಣ ಮಾಡಿದರು. ಜೂನ್ 1ರಂದು ಪ್ರಕಟವಾದ ಸಂದರ್ಶನವೊಂದರಲ್ಲಿ ಕಂಪನಿಯ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಅರ್ಬುದಕ್ಕೆ ಹೋಲಿಸಿದರು. ಮುಕ್ತ ಆಕರ ತಂತ್ರಾಂಶವನ್ನು ಬಳಸಿದರೆ ಸಂಸ್ಥೆಯ ಉಳಿದ ತಂತ್ರಾಂಶವನ್ನೂ ತೆರೆದಿಡಬೇಕಾಗುತ್ತದೆ ಎಂಬುದು ಅವರ ವಾದದ ಸಾರ. ಇದು ಪರವಾನಗಿಯ ಪಠ್ಯಕ್ಕೆ ಹೊಂದುವುದಿಲ್ಲ. ಜಿಪಿಎಲ್‌ನ ಹೊಣೆ ಬರುವುದು ಬಳಕೆಯಿಂದಲ್ಲ, ಆ ಸಂಕೇತವನ್ನು ಒಳಗೊಂಡ ಕೃತಿಯನ್ನು ಇತರರಿಗೆ ವಿತರಿಸುವುದರಿಂದ. ಕಚೇರಿಯ ಗಣಕಗಳಲ್ಲಿ ಲಿನಕ್ಸ್ ನಡೆಸುವ ಬ್ಯಾಂಕು ತನ್ನ ಲೆಕ್ಕದ ತಂತ್ರಾಂಶವನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಇದೇ ಅವಧಿಯಲ್ಲಿ ಐಬಿಎಂ ಬೇರೆ ದಾರಿ ಹಿಡಿದಿತ್ತು. 2001ರಲ್ಲಿ ಲಿನಕ್ಸಿಗಾಗಿ ನೂರು ಕೋಟಿ ಡಾಲರ್ ವೆಚ್ಚ ಮಾಡುವುದಾಗಿ ಅದು 2000ದ ಡಿಸೆಂಬರಿನಲ್ಲೇ ಘೋಷಿಸಿತ್ತು. ಯಂತ್ರ ಮತ್ತು ಸೇವೆಗಳನ್ನು ಮಾರುವ ಕಂಪನಿಗೆ ಕಾರ್ಯಾಚರಣಾ ವ್ಯವಸ್ಥೆ ಎಲ್ಲರ ಸೊತ್ತಾದರೆ ನಷ್ಟವಿಲ್ಲ, ಲಾಭವೇ. ತಂತ್ರಾಂಶದ ಪ್ರತಿಗಳನ್ನೇ ಮಾರುವ ಕಂಪನಿಗೆ ಅದೇ ಬೆಳವಣಿಗೆ ಬುಡಕ್ಕೆ ಕೊಡಲಿ. ಸಮುದಾಯದ ಧೋರಣೆ ಇಬ್ಬರಿಗೂ ಒಂದೇ ಆಗಿತ್ತು; ನೋಡುವವರ ಆದಾಯದ ಮೂಲ ಬೇರೆಯಾಗಿತ್ತು. ಶಾಂತಿಯ ಚಿಹ್ನೆ, ಹೃದಯ ಮತ್ತು ಪೆಂಗ್ವಿನ್ ಚಿತ್ರಗಳನ್ನು ಪಾದಚಾರಿ ಮಾರ್ಗಗಳ ಮೇಲೆ ಬಿಡಿಸಿದ ಐಬಿಎಂ ಜಾಹೀರಾತು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಚಿಕಾಗೊ ನಗರಾಡಳಿತಗಳ ಕೋಪಕ್ಕೆ ಗುರಿಯಾದದ್ದು ಆ ಕಾಲದ ಉತ್ಸಾಹಕ್ಕೆ ಸಾಕ್ಷಿ.

ಬಿಟ್‌ಕೀಪರ್ ಪ್ರಕರಣ

ಕಂಪನಿಯೊಂದು ಸಮುದಾಯದ ಧೋರಣೆಯನ್ನು ಹತ್ತಿರದಿಂದ ಕಂಡು ಕೈಸುಟ್ಟುಕೊಂಡ ಉದಾಹರಣೆಯಾಗಿ ಬಿಟ್‌ಕೀಪರ್ ಪ್ರಕರಣವನ್ನು ಹೇಳಬಹುದು. ತಂತ್ರಾಂಶದ ಆವೃತ್ತಿಗಳನ್ನು ನಿರ್ವಹಿಸುವ ಬಿಟ್‌ಕೀಪರ್, ಲ್ಯಾರಿ ಮೆಕ್‌ವಾಯ್ ಸ್ಥಾಪಿಸಿದ ಬಿಟ್‌ಮೂವರ್ ಕಂಪನಿಯ ಸ್ವಾಮ್ಯದ ಉತ್ಪನ್ನ. 2002ರಿಂದ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಕೆಲಸಕ್ಕೆ ಅದನ್ನು ಬಳಸತೊಡಗಿದರು. ಸಮುದಾಯಕ್ಕೆ ಕಂಪನಿ ಅದನ್ನು ಹಣ ಪಡೆಯದೆ ಕೊಟ್ಟಿತ್ತು, ಆದರೆ ಹಾಗೆ ಬಳಸುವವರು ಸ್ಪರ್ಧಿ ತಂತ್ರಾಂಶವೊಂದರ ರಚನೆಯಲ್ಲಿ ತೊಡಗುವಂತಿರಲಿಲ್ಲ.

ಕಂಪನಿಯ ಕಣ್ಣಿಗೆ ಇದು ಔದಾರ್ಯ. ಕರ್ನೆಲ್‌ನ ಕೆಲಸ ಸರಾಗವಾಯಿತು, ಕಂಪನಿಗೆ ಹೆಸರು ಬಂತು. ಟೋರ್ವಾಲ್ಡ್ಸ್ ಅವರೂ ಒಳ್ಳೆಯ ಸಲಕರಣೆ ಎಲ್ಲಿಂದ ಬಂದರೂ ಒಳ್ಳೆಯದೇ ಎಂಬ ನಿಲುವಿನವರು. ಆದರೆ ಸ್ಟಾಲ್ಮನ್ ಸೇರಿದಂತೆ ಅನೇಕರಿಗೆ, ಸ್ವತಂತ್ರ ತಂತ್ರಾಂಶದ ಪ್ರಮುಖ ಯೋಜನೆಯೊಂದು ತನ್ನ ಇತಿಹಾಸವನ್ನೆಲ್ಲ ಬೇರೊಬ್ಬರ ಬೀಗದ ಕೋಣೆಯಲ್ಲಿ ಇಟ್ಟಂತೆ ಕಂಡಿತು. ಸಾಂಬಾ ತಂತ್ರಾಂಶದ ಕರ್ತೃ ಆಂಡ್ರ್ಯೂ ಟ್ರಿಡ್ಜೆಲ್, ಬಿಟ್‌ಕೀಪರ್ ಸರ್ವರಿನೊಡನೆ ಮಾತನಾಡಬಲ್ಲ ಸ್ವತಂತ್ರ ಸಲಕರಣೆಯೊಂದನ್ನು ರಚಿಸಲು ತೊಡಗಿದರು. ಇದು ನಿಯಮಭಂಗವೆಂದು ಕಂಪನಿ ಆರೋಪಿಸಿತು. ತಾವು ಬಿಟ್‌ಕೀಪರ್ ಪರವಾನಗಿಯನ್ನು ಒಪ್ಪಿ ಸಹಿ ಮಾಡಿದವರೇ ಅಲ್ಲ ಎಂಬುದು ಟ್ರಿಡ್ಜೆಲ್ ಅವರ ನಿಲುವು. ಸರ್ವರಿಗೆ ಟೆಲ್ನೆಟ್ ಮೂಲಕ ಸಂಪರ್ಕಿಸಿ 'ಹೆಲ್ಪ್' ಎಂದು ಬರೆದರೆ ಅದೇ ತನ್ನ ಆಜ್ಞೆಗಳ ಪಟ್ಟಿ ಕೊಡುತ್ತದೆಂದು ಅವರು 2005ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ಲಿನಕ್ಸ್ ಸಮ್ಮೇಳನದಲ್ಲಿ ಸಭಿಕರೆದುರೇ ತೋರಿಸಿದರು.

ಅಷ್ಟರಲ್ಲಿ ಕಂಪನಿಯು ಹಣರಹಿತ ಆವೃತ್ತಿಯನ್ನು ಹಿಂತೆಗೆದುಕೊಳ್ಳುವುದಾಗಿ ತಿಳಿಸಿತ್ತು. ಟೋರ್ವಾಲ್ಡ್ಸ್ ಅದೇ ಏಪ್ರಿಲ್‌ನಲ್ಲಿ ಗಿಟ್ ಎಂಬ ಹೊಸ ಸಲಕರಣೆಯನ್ನು ಬರೆಯಲು ತೊಡಗಿ ಕೆಲವೇ ವಾರಗಳಲ್ಲಿ ಕರ್ನೆಲ್ ಕೆಲಸಕ್ಕೆ ಅಣಿಗೊಳಿಸಿದರು. ಸ್ಟಾಲ್ಮನ್ ಲೇಖನವೊಂದರಲ್ಲಿ ಮೆಕ್‌ವಾಯ್ ಅವರಿಗೆ ವ್ಯಂಗ್ಯದ ಧನ್ಯವಾದ ಅರ್ಪಿಸಿದರು. ಉಪಕಾರ ಮಾಡಿದವರಿಗೇ ಸಮುದಾಯ ದ್ರೋಹ ಬಗೆಯಿತೆಂದು ಒಂದು ಬದಿ ಓದಿದ್ದನ್ನೇ, ಹಿಂತೆಗೆದುಕೊಳ್ಳಬಹುದಾದ ಉಡುಗೊರೆಯ ಮೇಲೆ ಮನೆ ಕಟ್ಟಬಾರದೆಂಬ ಪಾಠವಾಗಿ ಇನ್ನೊಂದು ಬದಿ ಓದಿತು. 2016ರಲ್ಲಿ ಬಿಟ್‌ಕೀಪರ್ ಕೂಡ ಮುಕ್ತ ಆಕರ ತಂತ್ರಾಂಶವಾಯಿತು. ಆ ವೇಳೆಗೆ ಗಿಟ್ ಜಗತ್ತನ್ನೇ ಆವರಿಸಿತ್ತು. ಗಿಟ್ ಆಧಾರಿತ ಗಿಟ್‌ಹಬ್ ಸೇವೆಯನ್ನು 2018ರಲ್ಲಿ 750 ಕೋಟಿ ಡಾಲರಿಗೆ ಕೊಂಡದ್ದು ಮೈಕ್ರೋಸಾಫ್ಟ್.

ದ್ವಿಪರವಾನಗಿ

ಜಿಪಿಎಲ್ ಬಗೆಗಿನ ಅಂಜಿಕೆಯೇ ಕೆಲವು ಕಂಪನಿಗಳಿಗೆ ಆದಾಯದ ಮೂಲವಾಯಿತು. ಒಂದೇ ತಂತ್ರಾಂಶವನ್ನು ಜಿಪಿಎಲ್ ಅಡಿಯಲ್ಲಿ ಎಲ್ಲರಿಗೂ ಕೊಟ್ಟು, ಅದರ ಷರತ್ತು ಬೇಡವೆನ್ನುವವರಿಗೆ ಹಣಕ್ಕೆ ಬೇರೆ ಪರವಾನಗಿ ಮಾರುವುದು ಈ ಪದ್ಧತಿ. ದತ್ತಸಂಚಯ ತಂತ್ರಾಂಶದ ಮೈಎಸ್‌ಕ್ಯುಎಲ್ ಕಂಪನಿಯೂ ಕ್ಯೂಟಿ ತಯಾರಿಸುತ್ತಿದ್ದ ನಾರ್ವೆಯ ಟ್ರೋಲ್‌ಟೆಕ್ ಕಂಪನಿಯೂ ಹೀಗೆ ಬೆಳೆದವು.

ಟ್ರೋಲ್‌ಟೆಕ್ ಈ ನೆಲೆಗೆ ಬಂದದ್ದು ಸಮುದಾಯದ ಒತ್ತಡದಿಂದ. 1996ರಲ್ಲಿ ಆರಂಭವಾದ ಕೆಡಿಇ ಡೆಸ್ಕ್‌ಟಾಪ್ ಕ್ಯೂಟಿಯನ್ನು ಅವಲಂಬಿಸಿತ್ತು. ಕ್ಯೂಟಿಯ ಅಂದಿನ ಪರವಾನಗಿ ಸ್ವತಂತ್ರವಾಗಿರಲಿಲ್ಲ. ಇದಕ್ಕೆ ಪ್ರತಿಯಾಗಿ 1997ರಲ್ಲಿ ಗ್ನೋಮ್ ಎಂಬ ಪೂರ್ಣ ಸ್ವತಂತ್ರ ಡೆಸ್ಕ್‌ಟಾಪ್ ಯೋಜನೆ ಹುಟ್ಟಿತು. ಕಂಪನಿಯು ಮೊದಲು ತನ್ನದೇ ಮುಕ್ತ ಪರವಾನಗಿಯೊಂದನ್ನು ರಚಿಸಿ, 2000ದಲ್ಲಿ ಜಿಪಿಎಲನ್ನೂ ಸೇರಿಸಿತು. ವಿರೋಧವೆಂದು ಕಂಡದ್ದು ವಾಸ್ತವವಾಗಿ ಈಡೇರಿಸಬಹುದಾದ ಬೇಡಿಕೆಯಾಗಿತ್ತು.

ಆದರೆ ಈ ಪದ್ಧತಿ ಪದಗಳ ಗೊಂದಲವನ್ನು ಇನ್ನಷ್ಟು ಗಟ್ಟಿಮಾಡಿತು ಎನ್ನಬೇಕು. ಎರಡನೆಯ ಆಯ್ಕೆಗೆ ಕಂಪನಿಗಳು 'ವಾಣಿಜ್ಯ ಪರವಾನಗಿ' ಎಂದೇ ಹೆಸರಿಟ್ಟವು. ಅದನ್ನು ಓದಿದ ಗ್ರಾಹಕರು ಜಿಪಿಎಲ್ ಇರುವುದು ವ್ಯಾಪಾರಕ್ಕಲ್ಲ ಎಂದು ತಿಳಿದುಕೊಂಡರೆ ತಪ್ಪು ಅವರದಲ್ಲ. ಆ ತಪ್ಪು ತಿಳಿವಳಿಕೆಯಿಂದ ಮಾರಾಟಗಾರರಿಗೆ ನಷ್ಟವೂ ಇರಲಿಲ್ಲ.

ಒರಾಕಲ್ ಕಂಪನಿಯು ಸನ್ ಕಂಪನಿಯನ್ನೂ ಅದರೊಂದಿಗೆ ಮೈಎಸ್‌ಕ್ಯುಎಲನ್ನೂ ಕೊಳ್ಳಲು ಹೊರಟಾಗ, 2009ರ ಅಕ್ಟೋಬರಿನಲ್ಲಿ ಸ್ಟಾಲ್ಮನ್ ಇತರ ಎರಡು ಸಂಘಟನೆಗಳ ಜೊತೆ ಯುರೋಪಿಯನ್ ಆಯೋಗಕ್ಕೆ ಪತ್ರ ಬರೆದು ಆಕ್ಷೇಪ ಸಲ್ಲಿಸಿದರು. ದ್ವಿಪರವಾನಗಿಯ ಆದಾಯ ಪ್ರತಿಸ್ಪರ್ಧಿಯ ಕೈಸೇರಿದರೆ ಮೈಎಸ್‌ಕ್ಯುಎಲ್ ಬೆಳವಣಿಗೆಗೆ ಧಕ್ಕೆಯಾಗುತ್ತದೆ ಎಂಬುದು ಪತ್ರದ ವಾದಗಳಲ್ಲೊಂದು. ವ್ಯಾಪಾರದ ಕಡುವಿರೋಧಿ ಎಂದು ಉದ್ಯಮವು ಬಿಂಬಿಸುತ್ತಿದ್ದ ವ್ಯಕ್ತಿ, ವ್ಯಾಪಾರ ಮಾದರಿಯೊಂದರ ಪರವಾಗಿ ನಿಯಂತ್ರಕರ ಮುಂದೆ ನಿಂತ ಅಪರೂಪದ ಸಂದರ್ಭವಿದು.

ಪರವಾನಗಿಯ ಜಾರಿ

ನಿಷ್ಠುರ ಮಾತುಗಳಿಗಿಂತ ನ್ಯಾಯಾಲಯದ ನೋಟಿಸುಗಳು ಕಂಪನಿಗಳ ಮೇಲೆ ಹೆಚ್ಚು ಪರಿಣಾಮ ಬೀರಿವೆ. ಹೆರಾಲ್ಡ್ ವೆಲ್ಟೆ ಅವರು ಜರ್ಮನಿಯಲ್ಲಿ ಹೂಡಿದ ದಾವೆಯಲ್ಲಿ 2004ರಲ್ಲಿ ಮ್ಯೂನಿಕ್ ನ್ಯಾಯಾಲಯವು ಜಿಪಿಎಲ್ ಷರತ್ತುಗಳನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿ ಬಿಸಿಬಾಕ್ಸ್ ತಂತ್ರಾಂಶದ ಕರ್ತೃಗಳ ಪರವಾಗಿ 2007ರಿಂದ ಸರಣಿ ದಾವೆಗಳು ನಡೆದವು. ಇವುಗಳಲ್ಲಿ ಕೇಳಲಾಗುತ್ತಿದ್ದದ್ದು ಮುಖ್ಯವಾಗಿ ಪರವಾನಗಿಯ ಪಾಲನೆ, ಅಂದರೆ ಆಕರ ಸಂಕೇತದ ಬಿಡುಗಡೆ. ಆದರೂ ಸಾಧನ ತಯಾರಕರು ಇದನ್ನು ಕಂಡದ್ದು ಹಗೆತನವಾಗಿಯೇ. ಆಂಡ್ರಾಯ್ಡ್ ವ್ಯವಸ್ಥೆಯು ಬಳಕೆದಾರ ಮಟ್ಟದ ತಂತ್ರಾಂಶಕ್ಕೆ ಅಪಾಚೆ ಪರವಾನಗಿಯನ್ನು ಬಯಸಿತು, ಬಿಸಿಬಾಕ್ಸ್ ಮಾಡುವ ಕೆಲಸಕ್ಕೆ ಸಡಿಲ ಪರವಾನಗಿಯ ಟಾಯ್‌ಬಾಕ್ಸನ್ನು ಅಳವಡಿಸಿಕೊಂಡಿತು. ಟಾಯ್‌ಬಾಕ್ಸಿನ ಕರ್ತೃ ಹಿಂದೆ ಬಿಸಿಬಾಕ್ಸನ್ನೇ ನಿರ್ವಹಿಸುತ್ತಿದ್ದವರು, ಆ ದಾವೆಗಳಿಂದ ಬೇಸತ್ತವರು.

ಇದಕ್ಕೆ ಪ್ರತಿಯಾದ ಅನುಭವವೂ ಉಂಟು. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೌಟರಿನಲ್ಲಿ ಲಿನಕ್ಸ್ ಅಡಗಿರುವುದು 2003ರಲ್ಲಿ ಬೆಳಕಿಗೆ ಬಂದು, ಒತ್ತಡಕ್ಕೆ ಮಣಿದು ಕಂಪನಿ ಆಕರ ಸಂಕೇತವನ್ನು ಬಿಡುಗಡೆ ಮಾಡಿತು. ಅದರಿಂದ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಹುಟ್ಟಿತು. ಆ ರೌಟರಿಗೆ ಹವ್ಯಾಸಿಗಳಲ್ಲಿ ಎಷ್ಟು ಬೇಡಿಕೆ ಬಂದಿತೆಂದರೆ, ಮುಂದೆ ಕಂಪನಿ ಅವರಿಗೆಂದೇ ಲಿನಕ್ಸ್ ಇರುವ ಪ್ರತ್ಯೇಕ ಮಾದರಿಯನ್ನು ಮಾರಿತು.

ಮೈಕ್ರೋಸಾಫ್ಟ್ ಮತ್ತು ನೊವೆಲ್ 2006ರ ನವೆಂಬರಿನಲ್ಲಿ ಪೇಟೆಂಟ್ ಒಪ್ಪಂದ ಮಾಡಿಕೊಂಡ ಬಳಿಕ, ಅಂಥ ಆಯ್ದ ರಕ್ಷಣೆಯ ಒಪ್ಪಂದಗಳಿಗೆ ತಡೆಯೊಡ್ಡುವ ಷರತ್ತನ್ನು 2007ರ ಜಿಪಿಎಲ್ ಮೂರನೆಯ ಆವೃತ್ತಿಯಲ್ಲಿ ಸೇರಿಸಲಾಯಿತು. ಹಲವು ಕಂಪನಿಗಳು ಈ ಆವೃತ್ತಿಯಿಂದ ದೂರ ಉಳಿದವು. ಆ್ಯಪಲ್ ತನ್ನ ಗಣಕಗಳಲ್ಲಿ ಬ್ಯಾಶ್ ತಂತ್ರಾಂಶದ ಹಳೆಯ 3.2 ಆವೃತ್ತಿಯಲ್ಲೇ ನಿಂತು, 2019ರಲ್ಲಿ ಜೆಡ್‌ಶೆಲ್ಲಿಗೆ ಬದಲಾಯಿಸಿತು. ಜಾಲದ ಮೂಲಕ ಸೇವೆ ನೀಡುವವರಿಗೂ ಹೊಣೆ ವಿಸ್ತರಿಸುವ ಎಜಿಪಿಎಲ್ ಪರವಾನಗಿಯ ತಂತ್ರಾಂಶವನ್ನು ತನ್ನೊಳಗೆ ಬಳಸಕೂಡದೆಂದು ಗೂಗಲ್ ಪ್ರಕಟಿತ ನಿಯಮವನ್ನೇ ಮಾಡಿಕೊಂಡಿದೆ. ಇನ್ನೊಂದೆಡೆ, ತಪ್ಪನ್ನು ತಿದ್ದಿಕೊಳ್ಳಲು ಕಾಲಾವಕಾಶ ಕೊಡುವ ಮೂರನೆಯ ಆವೃತ್ತಿಯ ನಿಯಮವನ್ನು ಹಳೆಯ ಆವೃತ್ತಿಯ ತಮ್ಮ ತಂತ್ರಾಂಶಗಳಿಗೂ ಅನ್ವಯಿಸುವುದಾಗಿ ರೆಡ್ ಹ್ಯಾಟ್, ಐಬಿಎಂ, ಗೂಗಲ್ ಮತ್ತು ಫೇಸ್‌ಬುಕ್ 2017ರಲ್ಲಿ ಘೋಷಿಸಿದವು.

ಸಮುದಾಯದೊಳಗಿನ ಭಿನ್ನತೆ

ಕಂಪನಿಗಳು ಎದುರಿಸುವ ಇನ್ನೊಂದು ತೊಡಕೆಂದರೆ ಯಾರ ಮಾತನ್ನು ಸಮುದಾಯದ ಮಾತೆಂದು ತಿಳಿಯಬೇಕು ಎಂಬುದು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಸ್ವಾಮ್ಯದ ತಂತ್ರಾಂಶ ನೈತಿಕವಾಗಿಯೇ ತಪ್ಪು. ಟೋರ್ವಾಲ್ಡ್ಸ್ ಅವರಿಗೆ ಅದು ಕೆಲಸದ ಅನುಕೂಲದ ಪ್ರಶ್ನೆ. ಆದರೆ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಎನ್ವಿಡಿಯಾ ಕಂಪನಿಯ ಅಸಹಕಾರವನ್ನು ಕ್ಯಾಮೆರಾ ಎದುರು ಅಶ್ಲೀಲ ಸನ್ನೆಯೊಂದಿಗೆ ಖಂಡಿಸಿದವರೂ ಅವರೇ. ಹತ್ತು ವರ್ಷಗಳ ಬಳಿಕ, 2022ರಲ್ಲಿ, ಎನ್ವಿಡಿಯಾ ತನ್ನ ಕರ್ನೆಲ್ ಮಾಡ್ಯೂಲುಗಳ ಆಕರ ಸಂಕೇತವನ್ನು ಪ್ರಕಟಿಸಿತು. ಡೆಬಿಯನ್ ಯೋಜನೆ 2022ರಲ್ಲಿ ಮತ ಹಾಕಿ, ಸ್ವತಂತ್ರವಲ್ಲದ ಫರ್ಮ್‌ವೇರನ್ನು ತನ್ನ ಸ್ಥಾಪನಾ ಮಾಧ್ಯಮದಲ್ಲಿ ಸೇರಿಸಲು ಒಪ್ಪಿತು.

ಮೈಕ್ರೋಸಾಫ್ಟ್‌ನ ನಿಲುವೂ ಬದಲಾಯಿತು. 2009ರ ಜುಲೈನಲ್ಲಿ ಅದು ಸುಮಾರು 20,000 ಸಾಲುಗಳ ಚಾಲಕ ಸಂಕೇತವನ್ನು ಜಿಪಿಎಲ್ ಅಡಿಯಲ್ಲೇ ಲಿನಕ್ಸಿಗೆ ಕೊಟ್ಟಿತು. 2016ರಲ್ಲಿ ಲಿನಕ್ಸ್ ಫೌಂಡೇಶನ್ ಸದಸ್ಯನಾಯಿತು. ಸಮುದಾಯದ ತತ್ತ್ವಗಳು ಈ ಅವಧಿಯಲ್ಲಿ ಮೆತ್ತಗಾಗಿರಲಿಲ್ಲ. ಕ್ಲೌಡ್ ಸೇವೆಗಳು ಬಂದು ಕಂಪನಿಯ ಆದಾಯದ ಮೂಲ ಬದಲಾಗಿತ್ತು.

ತಿರುಗಿದ ದೂರು

2018ರ ನಂತರ ದೂರಿನ ದಿಕ್ಕೇ ತಿರುಗಿತು. ಈಗ ಮುಕ್ತ ಆಕರ ತಂತ್ರಾಂಶವನ್ನು ರಚಿಸುವ ಕಂಪನಿಗಳೇ, ಸಮುದಾಯದ ವ್ಯಾಖ್ಯೆಗಳು ವ್ಯಾಪಾರಕ್ಕೆ ಅತಿಯಾಗಿ ಉದಾರವಾಗಿವೆ ಎಂದು ದೂರತೊಡಗಿದವು. ತಮ್ಮ ತಂತ್ರಾಂಶವನ್ನು ದೊಡ್ಡ ಕ್ಲೌಡ್ ಕಂಪನಿಗಳು ಸೇವೆಯಾಗಿ ಮಾರಿ ಲಾಭ ಮಾಡಿಕೊಳ್ಳುತ್ತಿವೆ, ತಿರುಗಿ ಏನನ್ನೂ ಕೊಡುತ್ತಿಲ್ಲ ಎಂಬುದು ಅವುಗಳ ಅಳಲು. ಮಾಂಗೊಡಿಬಿ 2018ರಲ್ಲಿ, ಇಲ್ಯಾಸ್ಟಿಕ್ 2021ರಲ್ಲಿ, ಹ್ಯಾಶಿಕಾರ್ಪ್ 2023ರಲ್ಲಿ, ರೆಡಿಸ್ 2024ರಲ್ಲಿ ನಿರ್ಬಂಧದ ಪರವಾನಗಿಗಳಿಗೆ ಬದಲಾದವು. ಮಾಂಗೊಡಿಬಿಯ ಹೊಸ ಪರವಾನಗಿ ಸ್ವತಂತ್ರವಲ್ಲವೆಂದು ಫೆಡೋರಾ ಯೋಜನೆ ನಿರ್ಧರಿಸಿತು. ಉಳಿದ ಮೂರೂ ತಂತ್ರಾಂಶಗಳು ಕವಲೊಡೆದು ಕ್ರಮವಾಗಿ ಓಪನ್‌ಸರ್ಚ್, ಓಪನ್‌ಟೋಫು ಮತ್ತು ವಾಲ್ಕಿ ಎಂಬ ಯೋಜನೆಗಳು ಹುಟ್ಟಿದವು. ಈ ಕವಲುಗಳನ್ನು ಪೋಷಿಸಿದವರಲ್ಲಿ ಕ್ಲೌಡ್ ಕಂಪನಿಗಳೂ ಪ್ರತಿಸ್ಪರ್ಧಿ ಉದ್ಯಮಗಳೂ ಇದ್ದವೆಂಬುದು ಗಮನಾರ್ಹ. 'ಸಮುದಾಯದ ಪ್ರತಿಕ್ರಿಯೆ' ಎಂದು ಕರೆಯಲಾದದ್ದು ಬಹುಮಟ್ಟಿಗೆ ಉದ್ಯಮಗಳ ನಡುವಿನ ಪೈಪೋಟಿಯೇ ಆಗಿತ್ತು. ಇಲ್ಯಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಆಯ್ಕೆಯನ್ನು ಸೇರಿಸಿ ಮರಳಿ ಮುಕ್ತ ಆಕರದ ತೆಕ್ಕೆಗೆ ಬಂದವು.

ಸಂಬಳ ಮತ್ತು ನಿರ್ವಹಣೆ

ಲಿನಕ್ಸ್ ಕರ್ನೆಲ್‌ಗೆ ಇಂದು ಸೇರುವ ಬದಲಾವಣೆಗಳಲ್ಲಿ ಹೆಚ್ಚಿನ ಪಾಲು ಕಂಪನಿಗಳಿಂದ ಸಂಬಳ ಪಡೆಯುವವರು ಬರೆದದ್ದು. ಆದರೆ ಕರ್ನೆಲ್‌ನ ಭಾಗ್ಯ ಎಲ್ಲ ಯೋಜನೆಗಳಿಗೂ ಇಲ್ಲ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬೆಳಕಿಗೆ ಬಂದಾಗ, ಜಗತ್ತಿನ ಜಾಲವಹಿವಾಟಿನ ದೊಡ್ಡ ಭಾಗವನ್ನು ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನು ಬೆರಳೆಣಿಕೆಯ ಮಂದಿ ಅಲ್ಪ ಹಣದಲ್ಲಿ ನೋಡಿಕೊಳ್ಳುತ್ತಿದ್ದರೆಂಬುದು ಉದ್ಯಮಗಳಿಗೆ ತಿಳಿಯಿತು. ಸಮುದಾಯವೆಂದರೆ ತಾನಾಗಿ ಹರಿಯುವ ಹೊಳೆ ಎಂಬ ಗ್ರಹಿಕೆಗೆ ಅದು ದೊಡ್ಡ ಪೆಟ್ಟು. ಲಿನಕ್ಸ್ ಫೌಂಡೇಶನ್ ಮೂಲಕ ಕಂಪನಿಗಳು ಅಂಥ ಯೋಜನೆಗಳಿಗಾಗಿ ನಿಧಿಯೊಂದನ್ನು ಆರಂಭಿಸಿದವು.

2022ರ ಜನವರಿಯ ಎರಡು ಘಟನೆಗಳು ಗ್ರಹಿಕೆಯ ಅಂತರ ಇನ್ನೂ ಉಳಿದಿರುವುದನ್ನು ತೋರಿಸುತ್ತವೆ. ದೊಡ್ಡ ಕಂಪನಿಗಳಿಗೆ ಇನ್ನು ಬಿಟ್ಟಿ ದುಡಿಯಲಾರೆನೆಂದು 2020ರಲ್ಲೇ ಹೇಳಿದ್ದ ರಚನಕಾರರೊಬ್ಬರು, ಸಾವಿರಾರು ಯೋಜನೆಗಳು ಅವಲಂಬಿಸಿದ್ದ ಎರಡು ಜಾವಾಸ್ಕ್ರಿಪ್ಟ್ ಸಲಕರಣೆಗಳನ್ನು ತಾವೇ ಕೆಡಿಸಿದರು. ಅದೇ ತಿಂಗಳು, ಲಾಗ್4ಜೆ ದೋಷದ ಗದ್ದಲದ ನಡುವೆ, ಕರ್ಲ್ ತಂತ್ರಾಂಶದ ಕರ್ತೃ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಬೃಹತ್ ಕಂಪನಿಯೊಂದರಿಂದ ಮಿಂಚಂಚೆ ಬಂತು. ಭದ್ರತೆಯ ಬಗೆಗಿನ ಪ್ರಶ್ನಾವಳಿಗೆ 24 ಗಂಟೆಗಳೊಳಗೆ ಉತ್ತರಿಸಬೇಕೆಂದು ಅದರಲ್ಲಿ ತಾಕೀತು ಮಾಡಲಾಗಿತ್ತು. ಕರ್ಲ್‌ಗೂ ಲಾಗ್4ಜೆಗೂ ಸಂಬಂಧವೇ ಇರಲಿಲ್ಲ. ಆ ಕಂಪನಿಗೂ ಸ್ಟೆನ್‌ಬರ್ಗ್ ಅವರಿಗೂ ಯಾವ ಕರಾರೂ ಇರಲಿಲ್ಲ. ಬೆಂಬಲ ಒಪ್ಪಂದಕ್ಕೆ ಸಹಿ ಹಾಕಿದರೆ ಸಂತೋಷದಿಂದ ಉತ್ತರಿಸುವುದಾಗಿ ಅವರು ತಿಳಿಸಿದರು.

ಬಳಸುವ ಕಂಪನಿಗಳು ತಿರುಗಿ ಕೊಡುವುದಿಲ್ಲ ಎಂಬ ಈ ಕೊರಗು ಬೆಂಗಳೂರಿನಲ್ಲಿ ಹಳೆಯದು. 2001ರಲ್ಲಿ 'ಲಿನಕ್ಸ್ ಬೆಂಗಳೂರು' ಎಂಬ ಹೆಸರಿನಲ್ಲಿ ಆರಂಭವಾಗಿ 2005ರಿಂದ 'ಫಾಸ್ ಡಾಟ್ ಇನ್' ಎಂದು ಕರೆಸಿಕೊಂಡ ಸಮ್ಮೇಳನವು, ತನ್ನ ನಂತರದ ವರ್ಷಗಳಲ್ಲಿ ಬಳಕೆಯ ಪ್ರಚಾರವನ್ನು ಬಿಟ್ಟು ಕೊಡುಗೆಗೆ ಒತ್ತು ಕೊಟ್ಟಿತು. ಅದೇ ನಗರದ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ, ಜಗತ್ತಿನ ಯಾವುದೇ ಭಾಗದ ಸ್ವತಂತ್ರ ಮತ್ತು ಮುಕ್ತ ಆಕರ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿಯನ್ನು 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಅರ್ಜಿ ಸಲ್ಲಿಸುವ ಯೋಜನೆಗಳು ತಮಗೆ ಎಷ್ಟು ಹಣ ಬೇಕು, ಯಾವುದಕ್ಕೆ ಬೇಕು ಎಂಬುದನ್ನು ನಿಗದಿತ ರೂಪದ ಕಡತವೊಂದರಲ್ಲಿ ಬರೆದು ತಮ್ಮ ತಾಣದಲ್ಲೇ ಬಹಿರಂಗವಾಗಿ ಇಡಬೇಕಾಗುತ್ತದೆ.